ಬೇಸಿಗೆ ಮೇ ತಿಂಗಳಲ್ಲೋ ಜೂನ್‌ನಲ್ಲೋ? ಪುಸ್ತಕಕ್ಕೂ ನಮ್ಮ ಬಿಸಿಲಿಗೂ ಯಾಕೆ ತಾಳೆ ಆಗಲ್ಲ?

ಬೆಣ್ಣೆದೋಸೆ (ದಾವಣಗೆರೆ)
ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು. ಜೂನ್ 21ಕ್ಕೆ ಉತ್ತರಾರ್ಧಗೋಳದಲ್ಲಿ ಬೇಸಿಗೆ ಅಂತ ಅವಳ ಪುಸ್ತಕದಲ್ಲಿ ಚಿತ್ರ ಸಮೇತ ಇದೆ. ನಮ್ಮೂರಲ್ಲಿ ಜೂನ್ 21ಕ್ಕೆ ಮಕ್ಕಳು ರೇನ್‌ಕೋಟ್ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿರ್ತಾರೆ. ಬಿಸಿಲು ಸುಡೋದು ಏಪ್ರಿಲ್, ಮೇನಲ್ಲಿ. "ಪುಸ್ತಕ ಸುಳ್ಳಾ ಅಪ್ಪಾ?" ಅಂತಾಳೆ.

ಟ್ಯೂಷನ್ ಮೇಷ್ಟ್ರನ್ನ ಕೇಳಿದ್ದಕ್ಕೆ, ಭೂಮಿ ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ, ಅಷ್ಟು ಬರೆದ್ರೆ ಸಾಕು ಅಂದ್ರಂತೆ. ಇತ್ತ ನಮ್ಮಮ್ಮ, ಸಂಕ್ರಾಂತಿಗೆ ಸೂರ್ಯ ಉತ್ತರಕ್ಕೆ ತಿರುಗ್ತಾನೆ ಅಂತಾರೆ. ಪುಸ್ತಕ ಡಿಸೆಂಬರ್ 21-22 ಅನ್ನುತ್ತೆ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಇನ್ನೊಂದು: ನಮ್ಮ ತಾರಸಿಯಿಂದ ಧ್ರುವ ನಕ್ಷತ್ರ ತೋರಿಸು ಅಂತ ಹಟ. ಎಲ್ಲಿ ಹುಡುಕಬೇಕು?

ಕಡ್ಲೆಪುರಿ
ಮೊದಲು ಟ್ಯೂಷನ್ ಫೀಸು ವಾಪಸ್ ಕೇಳಿ.

ಓರೆಭೂಮಿ
ಹತ್ತಿರ-ದೂರದ ಕಥೆ ಊರೆಲ್ಲ ನಂಬಿರೋ ಕಥೆ. ನಿಜ ಅದಕ್ಕೆ ಉಲ್ಟಾ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಮೊದಲ ವಾರ, ಸುಮಾರು 14.71 ಕೋಟಿ ಕಿಲೋಮೀಟರ್. ಅಂದ್ರೆ ನಾವು ಸ್ವೆಟರ್ ಹಾಕ್ಕೊಂಡು ಅವರೆಕಾಯಿ ಸುಲಿಯೋ ಕಾಲ. ಅತಿ ದೂರ ಇರೋದು ಜುಲೈ ಮೊದಲ ವಾರ, ಸುಮಾರು 15.21 ಕೋಟಿ.

ಋತುಗಳಿಗೆ ಕಾರಣ ಭೂಮಿಯ ಓರೆ. ಅಕ್ಷ 23.4 ಡಿಗ್ರಿ ವಾಲಿದೆ. ಜೂನ್‌ನಲ್ಲಿ ಉತ್ತರದ ಭಾಗ ಸೂರ್ಯನ ಕಡೆ ಬಾಗಿರುತ್ತೆ, ಡಿಸೆಂಬರ್‌ನಲ್ಲಿ ದಕ್ಷಿಣದ ಭಾಗ. ಬಾಗಿರೋ ಕಡೆ ಬಿಸಿಲು ಹೆಚ್ಚು ನೇರವಾಗಿ ಬೀಳುತ್ತೆ, ಹಗಲೂ ಉದ್ದ. ಇನ್ನೊಂದು ಕಡೆ ಬಿಸಿಲು ಓರೆಯಾಗಿ ಬಿದ್ದು ಜಾಸ್ತಿ ಜಾಗಕ್ಕೆ ಹಂಚಿಹೋಗುತ್ತೆ.

ಸುಮ್ನೆ_ಓದುವವ
ಅಂದ್ರೆ ಭೂಮಿ ಆರು ತಿಂಗಳು ಈ ಕಡೆ, ಆರು ತಿಂಗಳು ಆ ಕಡೆ ವಾಲುತ್ತೆ?

ಭೂಗೋಳ_ಟೀಚರ್
ಇಲ್ಲ ಇಲ್ಲ, ಎಷ್ಟೋ ಮಕ್ಕಳು ಎಡವೋದು ಇಲ್ಲೇ. ಭೂಮಿ ಆ ಕಡೆ ಈ ಕಡೆ ವಾಲಾಡಲ್ಲ. ಅಕ್ಷ ವರ್ಷಪೂರ್ತಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತೆ, ಧ್ರುವ ನಕ್ಷತ್ರದ ಕಡೆ. ಸುತ್ತು ಹಾಕ್ತಾ ಸೂರ್ಯನ ಆಚೆ ಬದಿಗೆ ಹೋದಾಗ, ಅದೇ ಓರೆ ಸೂರ್ಯನಿಗೆ ಬೆನ್ನು ಹಾಕಿದ ಹಾಗಾಗುತ್ತೆ. ಭೂಮಿ ನಿಜವಾಗ್ಲೂ ವಾಲಾಡ್ತಿದ್ರೆ ಧ್ರುವ ನಕ್ಷತ್ರ ಜೂನ್‌ನಲ್ಲಿ ಒಂದು ಕಡೆ, ಡಿಸೆಂಬರ್‌ನಲ್ಲಿ ಇನ್ನೊಂದು ಕಡೆ ಕಾಣಬೇಕಿತ್ತು. ಹಾಗಾಗಲ್ಲ ಅಲ್ವಾ?

ಕ್ಲಾಸಲ್ಲಿ ನಾನು ಟೇಬಲ್ ಮಧ್ಯ ಬಲ್ಬ್ ಇಟ್ಟು, ಗ್ಲೋಬ್ ಹಿಡ್ಕೊಂಡು ಸುತ್ತ ನಡೀತೀನಿ. ಗ್ಲೋಬಿನ ತುದಿ ಯಾವಾಗ್ಲೂ ಕಿಟಕಿ ಕಡೆಗೇ ಇರಬೇಕು ಅನ್ನೋದೊಂದೇ ನಿಯಮ. ಅರ್ಧ ಸುತ್ತು ಮುಗಿಯೋಷ್ಟರಲ್ಲಿ ಮಕ್ಕಳೇ "ಓಹೋ" ಅಂತಾರೆ.

ಬೆಣ್ಣೆದೋಸೆ (ದಾವಣಗೆರೆ)
ಚೆನ್ನಾಗಿ ಹೇಳಿದ್ರಿ ಮೇಡಂ. ಆದ್ರೆ ನನ್ನ ಪ್ರಶ್ನೆ ಹಾಗೇ ಉಳೀತು. ಓರೆಯೇ ಕಾರಣ ಅಂದ್ರೆ ನಮಗೂ ಜೂನ್‌ನಲ್ಲೇ ಸೆಕೆ ಜಾಸ್ತಿ ಇರಬೇಕಿತ್ತಲ್ಲ?

ಬಿಸಿಲೂರು (ಕಲಬುರಗಿ)
ಬಿಸಿಲಿನ ವಿಷಯ ಬಂದ್ರೆ ನಮ್ಮನ್ನ ಕೇಳ್ರೀ 😄

ಪುಸ್ತಕದ ಚಿತ್ರ ಲಂಡನ್, ಪ್ಯಾರಿಸ್ ಕಡೆಯವರಿಗೆ ಸರಿಹೋಗುತ್ತೆ. ಅಲ್ಲಿ ಸೂರ್ಯ ಯಾವತ್ತೂ ನೆತ್ತಿಗೆ ಬರಲ್ಲ. ಜೂನ್ 21ಕ್ಕೆ ಅತಿ ಮೇಲೆ ಬಂದು ವಾಪಸ್ ಹೋಗ್ತಾನೆ, ಅಷ್ಟೇ. ಕರ್ನಾಟಕ ಇಡೀ ಕರ್ಕಾಟಕ ವೃತ್ತದ (ಸೂರ್ಯ ನೆತ್ತಿಗೆ ಬರೋ ಉತ್ತರದ ಕೊನೇ ಗೆರೆ) ಕೆಳಗಿದೆ. ನಮ್ಮ ನೆತ್ತಿ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ಹಾಯ್ತಾನೆ. ಉತ್ತರಕ್ಕೆ ಹೋಗ್ತಾ ಒಂದ್ಸಲ, ವಾಪಸ್ ಬರ್ತಾ ಒಂದ್ಸಲ. ಶೂನ್ಯ ನೆರಳಿನ ದಿನ ಅಂತ ಪೇಪರಲ್ಲಿ ಬರುತ್ತಲ್ಲ, ಅದೇ ಇದು. ಬೆಂಗಳೂರು, ಮಂಗಳೂರಿಗೆ ಏಪ್ರಿಲ್ 24ರ ಸುಮಾರಿಗೆ. ನಿಮ್ಮ ದಾವಣಗೆರೆಗೆ ಏಪ್ರಿಲ್ 29ರ ಹೊತ್ತಿಗೆ. ನಮ್ಮ ಕಲಬುರಗಿಗೆ ಮೇ 9-10. ಜೂನ್ 21ಕ್ಕೆ ಸೂರ್ಯ ನಿಮ್ಮ ನೆತ್ತಿ ದಾಟಿ ಸುಮಾರು 9 ಡಿಗ್ರಿ ಉತ್ತರಕ್ಕೆ ಹೋಗಿರ್ತಾನೆ. ಆವತ್ತು ಮಧ್ಯಾಹ್ನ ಮೋಡ ಇಲ್ಲದಿದ್ರೆ ನಿಮ್ಮ ನೆರಳು ದಕ್ಷಿಣಕ್ಕೆ ಬೀಳುತ್ತೆ, ನೋಡಿ.

ಏಪ್ರಿಲ್, ಮೇನಲ್ಲಿ ನೆತ್ತಿ ಸೂರ್ಯ, ಮೋಡ ಇಲ್ಲದ ಆಕಾಶ, ಒಣಗಿದ ನೆಲ, ಮೂರೂ ಸೇರುತ್ತೆ. ಜೂನ್‌ಗೆ ಮುಂಗಾರು ಬಂದು ಮೋಡ ಮುಚ್ಚುತ್ತೆ, ನೆಲ ನೆನೆಯುತ್ತೆ. ಬಿಸಿಲಿನ ಶಕ್ತಿಯಲ್ಲಿ ದೊಡ್ಡ ಪಾಲು ನೀರು ಆರಿಸೋದಕ್ಕೇ ಹೋಗುತ್ತೆ.

ಕಡಲತಡಿ
ಎರಡನೇ ಸಲ ಯಾವಾಗ? ಆಗ ಯಾಕೆ ಬೇಸಿಗೆ ಆಗಲ್ಲ?

ಬಿಸಿಲೂರು (ಕಲಬುರಗಿ)
ಆಗಸ್ಟ್‌ನಲ್ಲಿ. ಬೆಂಗಳೂರಿಗೆ 18ರ ಸುಮಾರು, ದಾವಣಗೆರೆಗೆ 13-14. ಮಳೆಗಾಲದ ಮೋಡ. ನೆರಳು ಇಲ್ಲದ್ದನ್ನ ನೋಡೋಣ ಅಂದ್ರೆ ಬಿಸಿಲೇ ಇರಲ್ಲ.

ಓರೆಭೂಮಿ
ಒಂದು ಮಾತು ಸೇರಿಸ್ತೀನಿ. ಶೂನ್ಯ ನೆರಳು ನೋಡೋರು ಗಡಿಯಾರದಲ್ಲಿ ಸರಿಯಾಗಿ 12ಕ್ಕೆ ಹೊರಗೆ ಹೋಗ್ಬೇಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ನಾವು ಅದಕ್ಕಿಂತ ಪಶ್ಚಿಮಕ್ಕಿದೀವಿ, ಡಿಗ್ರಿಗೆ 4 ನಿಮಿಷ ತಡ. ಆವತ್ತು ಬೆಂಗಳೂರಲ್ಲಿ 12:17ರ ಹೊತ್ತಿಗೆ, ದಾವಣಗೆರೆಯಲ್ಲಿ 12:24ರ ಸುಮಾರಿಗೆ ನೋಡಿ. ನೇರವಾಗಿ ನಿಲ್ಲೋ ಸ್ಟೀಲ್ ಲೋಟ ಸಾಕು, ಬೋರಲು ಹಾಕ್ಬೇಡಿ. ಸೂರ್ಯನನ್ನ ಬರಿಗಣ್ಣಲ್ಲಿ ನೋಡ್ಬೇಡಿ ಅಂತ ಬೇರೆ ಹೇಳ್ಬೇಕಾಗಿಲ್ಲ ತಾನೆ?

ವಾಕಿಂಗ್_ತಾತ
ನನ್ನದೊಂದು ತಕರಾರು. ಡಿಸೆಂಬರ್ 21 ಅತಿ ಚಿಕ್ಕ ಹಗಲು ಅಂತೀರಿ. ನಾನು ದಿನಾ ಬೆಳಗ್ಗೆ ಆರಕ್ಕೆ ಪಾರ್ಕಿಗೆ ಹೋಗೋನು. ಜನವರಿ ಕೊನೇಲಿ ಡಿಸೆಂಬರ್‌ಗಿಂತ ಕತ್ತಲೆ ಜಾಸ್ತಿ ಇರುತ್ತೆ. ಇದು ಹೇಗೆ?

ಓರೆಭೂಮಿ
ನೀವು ನೋಡಿದ್ದು ಸರಿ ಸರ್. ಬೆಂಗಳೂರಲ್ಲಿ ಸೂರ್ಯ ಅತಿ ಬೇಗ ಮುಳುಗೋದು ನವೆಂಬರ್ ಮೂರನೇ ವಾರದ ಸುಮಾರಿಗೆ. ಅತಿ ತಡವಾಗಿ ಹುಟ್ಟೋದು ಜನವರಿ ಕೊನೆಯ ಹೊತ್ತಿಗೆ. ಹುಟ್ಟೋದು-ಮುಳುಗೋದರ ಮಧ್ಯದ ಅಂತರ ಮಾತ್ರ ಡಿಸೆಂಬರ್ 21-22ಕ್ಕೇ ಅತಿ ಕಮ್ಮಿ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಮೇಲೆ ಓರೆ ಬೇರೆ. ಹಾಗಾಗಿ ಬಿಸಿಲಿನ ಮಧ್ಯಾಹ್ನ ಗಡಿಯಾರಕ್ಕಿಂತ ಹಿಂದೆ ಮುಂದೆ ಸರಿಯುತ್ತೆ. ಬೆಂಗಳೂರಲ್ಲಿ ನವೆಂಬರ್ ಮೊದಲ ವಾರ ಅದು 12:03ಕ್ಕೆ ಆದ್ರೆ, ಫೆಬ್ರವರಿ ಮಧ್ಯದಲ್ಲಿ 12:34ಕ್ಕೆ. ನಮ್ಮಲ್ಲಿ ಹಗಲಿನ ಉದ್ದ ವರ್ಷದಲ್ಲಿ ಒಂದೂವರೆ ಗಂಟೆ ಮಾತ್ರ ಏರಿಳಿಯುತ್ತೆ. ಹಾಗಾಗಿ ಈ ಸರಿದಾಟ ಎದ್ದು ಕಾಣುತ್ತೆ. ಲಂಡನ್ನಿನಲ್ಲಿ ಹಗಲಿನ ಏರಿಳಿತವೇ ಸುಮಾರು 9 ಗಂಟೆ. ಅಲ್ಲಿ ಇದು ಅಷ್ಟಾಗಿ ಗಮನಕ್ಕೇ ಬರಲ್ಲ.

ವಾಕಿಂಗ್_ತಾತ
ಮನೇಲಿ ಎಲ್ಲರೂ ನಿಮಗೆ ವಯಸ್ಸಾಯ್ತು ಅಂತಿದ್ರು. ಇದನ್ನ ಪ್ರಿಂಟ್ ತೆಗೆಸ್ತೀನಿ.

ಸಂಪ್ರದಾಯಸ್ಥ
ಎಲ್ಲಾ ಸರಿ, ಆದ್ರೆ ಸಂಕ್ರಾಂತಿ ಬಗ್ಗೆ ಯಾರೂ ಮಾತಾಡ್ತಿಲ್ಲ. ಸಾವಿರಾರು ವರ್ಷದಿಂದ ಮಕರ ಸಂಕ್ರಾಂತಿಗೇ ಉತ್ತರಾಯಣ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಮೇಲೆ ಆ ದಿನವೇ ಸಂಜೆ ಸೂರ್ಯನ ಕಿರಣ ಬೀಳುತ್ತೆ. ಆ ಕಾಲದವರಿಗೆ ಗೊತ್ತಿಲ್ಲದೆ ಕಟ್ಟಿದ್ರಾ?

ಓರೆಭೂಮಿ
ಗೊತ್ತಿಲ್ಲದೆ ಅಂತ ಯಾರೂ ಹೇಳಿಲ್ಲ ಸರ್. ಆದ್ರೆ ಅದೇ ಕಿರಣ ನವೆಂಬರ್ ಕೊನೆಯ ಸುಮಾರಿಗೂ ಲಿಂಗದ ಮೇಲೆ ಬೀಳುತ್ತೆ. ಡಿಸೆಂಬರ್ 21-22ಕ್ಕೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ತಿರುಗ್ತಾನೆ. ಅದಕ್ಕೆ ಮೂರು ವಾರದಾಚೆ ಒಂದು ಸಲ, ಈಚೆ ಒಂದು ಸಲ, ಒಂದೇ ಜಾಗದಲ್ಲಿ ಮುಳುಗ್ತಾನೆ. ತಿರುಗೋದು ಜನವರಿ 14ಕ್ಕೇ ಆಗಿದ್ರೆ ನವೆಂಬರ್‌ನಲ್ಲಿ ಬೀಳೋಕೆ ಸಾಧ್ಯಾನೇ ಇರಲಿಲ್ಲ. ದೇವಸ್ಥಾನವೇ ಸಾಕ್ಷಿ ಹೇಳ್ತಿದೆ.

ಸಂಪ್ರದಾಯಸ್ಥ
ಹಾಗಾದ್ರೆ ಪಂಚಾಂಗ ತಪ್ಪು ಅಂತೀರಾ? ಗ್ರಹಣ ನಿಮಿಷದ ಲೆಕ್ಕದಲ್ಲಿ ಸರಿ ಬರುತ್ತಲ್ಲ?

ಭೂಗೋಳ_ಟೀಚರ್
ತಪ್ಪಲ್ಲ, ಅಳೆಯೋದು ಬೇರೆ ಬೇರೆ. ಪಂಚಾಂಗ ನೋಡೋದು ಸೂರ್ಯ ಯಾವ ನಕ್ಷತ್ರಗಳ ಎದುರು ಇದ್ದಾನೆ ಅಂತ. ಋತು ನಡೆಯೋದು ಭೂಮಿಯ ಓರೆಯ ಮೇಲೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಬರ್ತಿತ್ತು. ಮಕರ ರಾಶಿಗೆ ಬಂದ ದಿನವೇ ಸೂರ್ಯ ಉತ್ತರಕ್ಕೆ ತಿರುಗ್ತಿದ್ದ. ಆದ್ರೆ ಭೂಮಿಯ ಅಕ್ಷ ತುಂಬಾ ನಿಧಾನವಾಗಿ, ಬುಗುರಿಯ ಮೊಳೆಯ ಹಾಗೆ, ಸುತ್ತು ಹಾಕುತ್ತೆ. ಒಂದು ಸುತ್ತಿಗೆ ಹೆಚ್ಚುಕಮ್ಮಿ 25,800 ವರ್ಷ. ಅಂದ್ರೆ 72 ವರ್ಷಕ್ಕೆ ಒಂದು ಡಿಗ್ರಿ. ಇದುವರೆಗೆ ಸುಮಾರು 24 ಡಿಗ್ರಿ ಜಾರಿದೆ. ಪಂಚಾಂಗದವರು ಅಯನಾಂಶ ಅನ್ನೋದು ಇದನ್ನೇ. ಅವರಿಗೆ ಗೊತ್ತಿಲ್ಲ ಅಂತಲ್ಲ, ಕ್ಯಾಲೆಂಡರ್ ನೋಡೋ ನಮಗೆ ಗೊತ್ತಿರಲ್ಲ.

ಒಂದು ಉದಾಹರಣೆ ಹೇಳ್ತೀನಿ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12. ಆವತ್ತು ಮಕರ ಸಂಕ್ರಾಂತಿ. ಈಗ ಸಂಕ್ರಾಂತಿ 14 ಅಥವಾ 15ಕ್ಕೆ. ನಮ್ಮ ಮರಿಮಕ್ಕಳ ಕಾಲಕ್ಕೆ ಇನ್ನೂ ಮುಂದೆ ಹೋಗಿರುತ್ತೆ.

ಕಡ್ಲೆಪುರಿ
ಎಳ್ಳು ಬೀರೋಕೆ ಯಾವ ದಿನ ಆದ್ರೇನು, ಸಕ್ಕರೆ ಅಚ್ಚು ಇದ್ರೆ ಸಾಕು.

ಮಳೆ_ಕಾಯೋ_ರೈತ
ಇಲ್ಲಿ ನನ್ನದೂ ಒಂದು ಪ್ರಶ್ನೆ. ನಾವು ಮಳೆ ಲೆಕ್ಕ ಹಾಕೋದು ನಕ್ಷತ್ರದ ಮೇಲೆ. ಭರಣಿ ಮಳೆ, ರೋಹಿಣಿ ಮಳೆ, ಮೃಗಶಿರ, ಆರಿದ್ರಾ, ಹೀಗೆ. ಆರಿದ್ರಾ ಮಳೆ ಆರದೇ ಹುಯ್ಯುತ್ತೆ ಅಂತಾರೆ. ಆದ್ರೆ ಆರಿದ್ರಾ ಮಳೆ ಟೈಮಲ್ಲಿ ಆಕಾಶ ತಿಳಿಯಾಗಿದ್ದ ರಾತ್ರೀನೂ ನನಗೆ ಆ ನಕ್ಷತ್ರ ಕಂಡೇ ಇಲ್ಲ. ಚಳಿಗಾಲದಲ್ಲಿ ಮಾತ್ರ ಕೆಂಪಗೆ ಚೆನ್ನಾಗಿ ಕಾಣುತ್ತೆ. ಯಾಕೆ?

ಓರೆಭೂಮಿ
ಅದು ಆಗ ಕಾಣಲೇಬಾರದು! ಆರಿದ್ರಾ ಮಳೆ ಅಂದ್ರೆ ಸೂರ್ಯನೇ ಆರಿದ್ರಾ ನಕ್ಷತ್ರದ ಜಾಗದಲ್ಲಿರೋ ಹದಿಮೂರು-ಹದಿನಾಲ್ಕು ದಿನ. ಜೂನ್ 21-22ಕ್ಕೆ ಶುರು. ನಕ್ಷತ್ರ ಸೂರ್ಯನ ಜೊತೆ ಹುಟ್ಟಿ ಸೂರ್ಯನ ಜೊತೆ ಮುಳುಗುತ್ತೆ, ರಾತ್ರಿ ಇರೋದೇ ಇಲ್ಲ. ಆರು ತಿಂಗಳು ಬಿಟ್ಟು ಡಿಸೆಂಬರ್‌ಗೆ ಅದು ಸೂರ್ಯನ ಎದುರು ಬದಿಗೆ ಬರುತ್ತೆ, ಆಗ ರಾತ್ರಿಯೆಲ್ಲ ಕಾಣುತ್ತೆ. ಒಂದು ತಿಂಗಳಲ್ಲಿ ಇಡೀ ಆಕಾಶ ಎರಡು ಗಂಟೆ ಮುಂದೆ ಹೋಗುತ್ತೆ. ಇವತ್ತು ರಾತ್ರಿ ಹತ್ತಕ್ಕೆ ಕಂಡಿದ್ದು ಮುಂದಿನ ತಿಂಗಳು ಎಂಟಕ್ಕೇ ಅಲ್ಲಿರುತ್ತೆ.

ಬಿಸಿಲೂರು (ಕಲಬುರಗಿ)
ಇದರಲ್ಲಿ ಒಂದು ತೊಡಕಿದೆ ನೋಡ್ರೀ. ಮಳೆ ಬರೋದು ಭೂಮಿಯ ಓರೆ ಲೆಕ್ಕದಲ್ಲಿ, ಮಳೆ ನಕ್ಷತ್ರದ ದಿನಾಂಕ ಸಂಕ್ರಾಂತಿ ಥರ 72 ವರ್ಷಕ್ಕೆ ಒಂದು ದಿನ ಮುಂದೆ ಹೋಗುತ್ತೆ. ಗಾದೆ ಕಟ್ಟಿದವರ ಕಾಲದ ಆರಿದ್ರಾ ಈಗಿನದಕ್ಕಿಂತ ಮುಂಚೆ ಬರ್ತಿತ್ತು.

ಮಳೆ_ಕಾಯೋ_ರೈತ
ಒಂದು ವಾರ ಆಚೆ ಈಚೆ ಆದ್ರೆ ಗಾದೆ ಸುಳ್ಳಾಗಲ್ಲ ಬಿಡಿ. ಮುಂಗಾರೇ ಈಗ ಹದಿನೈದು ದಿನ ಆಟ ಆಡಿಸುತ್ತೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ಇದನ್ನ ಯಾವ ಅಯನಾಂಶವೂ ಬದಲಾಯಿಸಲ್ಲ.

ಮೆಲ್ಬರ್ನ್_ಕನ್ನಡತಿ
ಇಲ್ಲಿ ಎಲ್ಲಾ ಉಲ್ಟಾ. ಮಧ್ಯಾಹ್ನ ಸೂರ್ಯ ಉತ್ತರಕ್ಕೆ. ಪೂರ್ವದಲ್ಲೇ ಹುಟ್ತಾನೆ, ಆದ್ರೆ ಅವನ ಕಡೆ ಮುಖ ಮಾಡಿ ನಿಂತ್ರೆ ಬಲದಿಂದ ಎಡಕ್ಕೆ ಹೋಗ್ತಾನೆ. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜ ತಲೆಕೆಳಗು. ಮನೆ ಕೊಳ್ಳುವಾಗ ಎಲ್ಲರೂ ಉತ್ತರ ದಿಕ್ಕಿನ ಬಿಸಿಲು ಕೇಳ್ತಾರೆ. ಊರಿನ ವಾಸ್ತು ಇಟ್ಕೊಂಡು ಬಂದ ನಮ್ಮ ಮಾವ ತಲೆ ಕೆಡಿಸ್ಕೊಂಡ್ರು. ಸಂಕ್ರಾಂತಿಗೆ ಎಳ್ಳುಬೆಲ್ಲ ಅಂಟಂಟಾಗುತ್ತೆ, ಅಷ್ಟು ಬಿಸಿ.

ಸುಮ್ನೆ_ಓದುವವ
ಜನವರಿಯಲ್ಲಿ ಸೂರ್ಯ ಹತ್ತಿರ ಅಂದ್ರಲ್ಲ, ಹಾಗಾದ್ರೆ ಅವರ ಬೇಸಿಗೆ ಉತ್ತರದವರ ಬೇಸಿಗೆಗಿಂತ ಜೋರಾಗಿರಬೇಕು?

ಓರೆಭೂಮಿ
ಒಳ್ಳೇ ಪ್ರಶ್ನೆ. ಜುಲೈಗೆ ಹೋಲಿಸಿದ್ರೆ ಜನವರಿಯಲ್ಲಿ ಭೂಮಿಗೆ ಸುಮಾರು 7% ಜಾಸ್ತಿ ಬಿಸಿಲು ಸಿಗುತ್ತೆ. ಆದ್ರೆ ದಕ್ಷಿಣಾರ್ಧದಲ್ಲಿ ಸಮುದ್ರ ಜಾಸ್ತಿ. ನೀರು ನಿಧಾನವಾಗಿ ಕಾಯುತ್ತೆ, ಹಾಗಾಗಿ ಆ 7% ಅಷ್ಟಾಗಿ ಕಾಣಲ್ಲ. ಇನ್ನೊಂದು ತಮಾಷೆ: ಹತ್ತಿರ ಇದ್ದಾಗ ಭೂಮಿ ಜೋರಾಗಿ ಓಡುತ್ತೆ. ಕ್ಯಾಲೆಂಡರ್ ತಗೊಂಡು ಎಣಿಸಿ. ಮಾರ್ಚ್ 20ರಿಂದ ಸೆಪ್ಟೆಂಬರ್ 22ಕ್ಕೆ 186 ದಿನ. ಅಲ್ಲಿಂದ ಮತ್ತೆ ಮಾರ್ಚ್ 20ಕ್ಕೆ 179 ದಿನ.

ಬೆಣ್ಣೆದೋಸೆ (ದಾವಣಗೆರೆ)
ಮಗಳು ಕ್ಯಾಲೆಂಡರ್ ಕಿತ್ಕೊಂಡು ಎಣಿಸ್ತಿದಾಳೆ. ಧ್ರುವ ನಕ್ಷತ್ರ ಯಾರಾದ್ರೂ ಹೇಳ್ತೀರಾ?

ಕಡಲತಡಿ
ಮೊಬೈಲಿಗೆ ಸ್ಟೆಲೇರಿಯಂ ಆ್ಯಪ್ ಹಾಕ್ಕೊಳ್ಳಿ. ಫೋನ್ ಮೇಲೆ ಹಿಡಿದ್ರೆ ಹೆಸರು ಸಮೇತ ತೋರಿಸುತ್ತೆ. ಕೆಲಸ ಮುಗೀತು.

ಕತ್ತಲೆ_ಪ್ರೇಮಿ
ಆ್ಯಪ್ ಚೆನ್ನಾಗಿದೆ, ಆದ್ರೆ ಮ್ಯಾಗ್ನೆಟ್ ಇರೋ ಫೋನ್ ಕವರ್ ಹಾಕಿದ್ರೆ ದಿಕ್ಕೇ ತಪ್ಪಿಸುತ್ತೆ. ಕವರ್ ತೆಗೀರಿ. ಮತ್ತೆ ಪರದೆಯ ಬೆಳಕಿಗೆ ಕಣ್ಣು ಕುರುಡಾಗುತ್ತೆ, ಕತ್ತಲೆಗೆ ಹೊಂದಿಕೊಳ್ಳೋಕೆ ಮತ್ತೆ ಇಪ್ಪತ್ತು ನಿಮಿಷ ಬೇಕು. ನಾನು ಮುಷ್ಟಿ ಲೆಕ್ಕದವನು. ಕೈ ನೇರ ಚಾಚಿ ಮುಷ್ಟಿ ಹಿಡಿದ್ರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳು 1 ಡಿಗ್ರಿ. ಮಕ್ಕಳ ಕೈ ಚಿಕ್ಕದು, ತೋಳೂ ಚಿಕ್ಕದು, ಅದಕ್ಕೆ ಅವರಿಗೂ ಇದೇ ಲೆಕ್ಕ.

ಧ್ರುವ ನಕ್ಷತ್ರ ನಿಮ್ಮೂರಿನ ಅಕ್ಷಾಂಶ ಎಷ್ಟೋ ಅಷ್ಟೇ ಎತ್ತರದಲ್ಲಿರುತ್ತೆ. ದಾವಣಗೆರೆಗೆ ಹದಿನಾಲ್ಕೂವರೆ ಡಿಗ್ರಿ, ಅಂದ್ರೆ ಉತ್ತರದ ಅಂಚಿನಿಂದ ಒಂದೂವರೆ ಮುಷ್ಟಿ ಮೇಲೆ. ಎದುರುಮನೆ ಎರಡಂತಸ್ತಿದ್ರೆ ಮುಗೀತು, ಕಾಣಲ್ಲ. ತುಂಬಾ ಜನ ಹುಡುಕಿ ಸೋಲೋದು ಇನ್ನೊಂದು ಕಾರಣಕ್ಕೆ: ಅದೇ ಅತಿ ಹೊಳೆಯೋ ನಕ್ಷತ್ರ ಅಂದ್ಕೊಂಡಿರ್ತಾರೆ. ಅದು ಸಾಧಾರಣ ನಕ್ಷತ್ರ. ಹೊಳಪಿನ ಪಟ್ಟಿ ಮಾಡಿದ್ರೆ ಮೊದಲ ನಲವತ್ತರಲ್ಲೂ ಬರಲ್ಲ.

ಏಪ್ರಿಲ್, ಮೇ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕೆ ನಿಲ್ಲಿ. ಸಪ್ತರ್ಷಿ ಮಂಡಲ ಮೇಲೆ ಬೋರಲು ಬಿದ್ದ ಸೌಟಿನ ಆಕಾರದಲ್ಲಿರುತ್ತೆ. ಹಿಡಿಯಿಂದ ದೂರದ ಎರಡು ನಕ್ಷತ್ರ ಕ್ರತು, ಪುಲಹ. ಪುಲಹದಿಂದ ಕ್ರತುವಿಗೆ ಗೆರೆ ಎಳೆದು ಹಾಗೇ ಕೆಳಗೆ ಐದು ಪಟ್ಟು ಬನ್ನಿ. ಸುತ್ತ ಬೇರೆ ಏನೂ ಇಲ್ಲದ ಒಂಟಿ ನಕ್ಷತ್ರ ಸಿಗುತ್ತೆ, ಅದೇ ಧ್ರುವ. ನವೆಂಬರ್ ಸಂಜೆ ಸಪ್ತರ್ಷಿ ಇರಲ್ಲ, ಆಗ ಇಂಗ್ಲಿಷ್ ಎಂ ಅಕ್ಷರದ ಥರ ಕಾಣೋ ಕ್ಯಾಸಿಯೋಪಿಯಾ ಹಿಡ್ಕೊಂಡು ಹುಡುಕಬೇಕು.

ಅದೇ ಮೇ ರಾತ್ರಿ ಸೌಟಿನ ಹಿಡಿಯ ಬಾಗನ್ನ ಹಾಗೇ ಮುಂದುವರಿಸಿದ್ರೆ ಮೊದಲು ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬಿಳಿ ಚಿತ್ತಾ. ಈಗ ದಕ್ಷಿಣಕ್ಕೆ ತಿರುಗಿ. ಒಂದೂವರೆ ಮುಷ್ಟಿ ಎತ್ತರದಲ್ಲಿ ಸಣ್ಣ ಗಾಳಿಪಟದ ಆಕಾರದ ನಾಲ್ಕು ನಕ್ಷತ್ರ, ತ್ರಿಶಂಕು (ಸದರ್ನ್ ಕ್ರಾಸ್). ಒಂದೇ ತಾರಸಿಯಿಂದ ಧ್ರುವ ಮತ್ತು ತ್ರಿಶಂಕು ಎರಡೂ! ಲಂಡನ್ನಿನವರಿಗೆ ತ್ರಿಶಂಕು ಇಲ್ಲ, ಮೆಲ್ಬರ್ನಿನವರಿಗೆ ಧ್ರುವ ಇಲ್ಲ.

ಮೆಲ್ಬರ್ನ್_ಕನ್ನಡತಿ
ಹೌದು, ಹೊಟ್ಟೆ ಉರಿಸಿ. ನಮಗೆ ತ್ರಿಶಂಕು ಮುಳುಗೋದೇ ಇಲ್ಲ, ಅದನ್ನ ಬಾವುಟದ ಮೇಲೇ ಹಾಕ್ಕೊಂಡಿದಾರೆ.

ಚಿಕಾಗೋ_ಚಕ್ಲಿ
ಇಲ್ಲಿ ಧ್ರುವ ನಾಲ್ಕು ಮುಷ್ಟಿ ಮೇಲೆ, 42 ಡಿಗ್ರಿ, ಕತ್ತು ಎತ್ತಿ ನೋಡ್ಬೇಕು. ಆದ್ರೆ ಅಗಸ್ತ್ಯ ನಕ್ಷತ್ರ ಇಲ್ಲ, ಕ್ಷಿತಿಜದಿಂದ ಮೇಲೆ ಬರೋದೇ ಇಲ್ಲ. ಊರಲ್ಲಿ ಫೆಬ್ರವರಿ ರಾತ್ರಿ ಲುಬ್ಧಕ (ಸಿರಿಯಸ್) ನಕ್ಷತ್ರದಿಂದ ನೇರ ಕೆಳಗೆ ಮೂರೂವರೆ ಮುಷ್ಟಿ ಇಳಿದ್ರೆ ಸಿಗ್ತಿತ್ತು. ರಾತ್ರಿ ಆಕಾಶದಲ್ಲಿ ಹೊಳಪಲ್ಲಿ ಎರಡನೇ ನಕ್ಷತ್ರ, ಇಲ್ಲಿನವರಿಗೆ ಅದರ ಮುಖವೇ ಗೊತ್ತಿಲ್ಲ.

ಕಡ್ಲೆಪುರಿ
ಅರುಂಧತಿ ಬಗ್ಗೆ ಹೇಳಿ ಯಾರಾದ್ರೂ. ನನ್ನ ಮದುವೇಲಿ ಪುರೋಹಿತರು ಮಧ್ಯಾಹ್ನ ಹನ್ನೊಂದೂವರೆಗೆ ಕಲ್ಯಾಣ ಮಂಟಪದ ಫ್ಯಾನ್ ಕಡೆ ಕೈ ತೋರಿಸಿ "ಕಾಣ್ತಾ?" ಅಂದ್ರು. ಇಬ್ಬರೂ "ಕಾಣ್ತು" ಅಂದ್ವಿ.

ಕತ್ತಲೆ_ಪ್ರೇಮಿ
😂 ಅದೇ ಸೌಟಿನ ಹಿಡಿಯಲ್ಲಿ ಮಧ್ಯದ ನಕ್ಷತ್ರ ವಸಿಷ್ಠ, ಅಂಟಿಕೊಂಡಿರೋ ಮಂಕು ಚುಕ್ಕಿ ಅರುಂಧತಿ. ಕಣ್ಣು ಸರಿ ಇದ್ರೆ ಬರಿಗಣ್ಣಿಗೆ ಬೇರೆ ಬೇರೆ ಕಾಣುತ್ತೆ. ಈ ಸಲ ಮನೆಯವರ ಜೊತೆ ರಾತ್ರಿ ಹೋಗಿ ನೋಡಿ.

ಸುಮ್ನೆ_ಓದುವವ
ಮೊನ್ನೆ ರಾತ್ರಿ ಹನ್ನೆರಡಕ್ಕೆ ನೆತ್ತಿ ಮೇಲೆ ಶುಕ್ರ ನೋಡಿದೆ, ಎಷ್ಟು ಹೊಳಪು!

ಓರೆಭೂಮಿ
ಶುಕ್ರ ಆಗಿರೋಕೆ ಸಾಧ್ಯ ಇಲ್ಲ. ಅದು ಸೂರ್ಯನಿಂದ 47 ಡಿಗ್ರಿಗಿಂತ ದೂರ ಹೋಗಲ್ಲ. ಸಂಜೆ ಪಶ್ಚಿಮದಲ್ಲಿ, ಇಲ್ಲಾ ಬೆಳಗಿನ ಜಾವ ಪೂರ್ವದಲ್ಲಿ. ನಡುರಾತ್ರಿ ನೆತ್ತಿ ಮೇಲೆ ಮಿನುಗದೆ ಹೊಳೀತಿದ್ರೆ ಗುರು ಗ್ರಹ ಇರ್ಬಹುದು. ಮಿನುಗ್ತಿದ್ರೆ ನಕ್ಷತ್ರ. ಮೆಲ್ಲಗೆ ಸರೀತಾ ಹೋದ್ರೆ ಉಪಗ್ರಹ.

ಕಡ್ಲೆಪುರಿ
ಕೆಂಪು-ಹಸಿರು ದೀಪ ಇದ್ರೆ ಕೆಂಪೇಗೌಡ ಏರ್‌ಪೋರ್ಟಿಗೆ ಹೋಗ್ತಿರೋದು.

ಕಡಲತಡಿ
ನಕ್ಷತ್ರ ಬಿಡಿ, ಸೂರ್ಯನನ್ನೇ ನೋಡೋರಿಗೆ ಒಂದು ಐಡಿಯಾ. ನಮ್ಮ ಮಲ್ಪೆ ಬೀಚಲ್ಲಿ ಒಂದೇ ಜಾಗದಲ್ಲಿ ನಿಂತು ತಿಂಗಳಿಗೊಂದು ಸಲ ಸೂರ್ಯ ಮುಳುಗೋ ಫೋಟೋ ತೆಗೀರಿ. ಡಿಸೆಂಬರ್‌ನಲ್ಲಿ ಎಡಕ್ಕೆ, ಮಾರ್ಚ್‌ನಲ್ಲಿ ಸರಿಯಾಗಿ ಪಶ್ಚಿಮಕ್ಕೆ, ಆಮೇಲೆ ಬಲಕ್ಕೆ. ಜೂನ್‌ನಲ್ಲಿ ಮಾತ್ರ ಮೋಡ ಬಿಡಲ್ಲ. ಈ ತುದಿಯಿಂದ ಆ ತುದಿಗೆ ಹತ್ತಿರ ಹತ್ತಿರ ಐದು ಮುಷ್ಟಿ.

ಭೂಗೋಳ_ಟೀಚರ್
ಇದು ಪ್ರಾಜೆಕ್ಟಿಗೆ ಸೂಪರ್. ಸಮುದ್ರ ಇಲ್ಲದವರು ತಾರಸಿಯಿಂದ ತೆಂಗಿನ ಮರ, ನೀರಿನ ಟ್ಯಾಂಕ್ ಗುರುತಿಟ್ಕೊಂಡು ಮಾಡಬಹುದು. ಬೆಣ್ಣೆದೋಸೆ ಅವರೇ, ಮಗಳಿಗೆ ಇದನ್ನೇ ಕೊಡಿ. ಪರೀಕ್ಷೇಲಿ ಮಾತ್ರ ಪುಸ್ತಕದಲ್ಲಿರೋದನ್ನೇ ಬರೀಲಿ. ಉತ್ತರಾರ್ಧಗೋಳ ಅಂತ ಕೇಳಿದ್ರೆ ಜೂನ್ ಅನ್ನೋದೇ ಸರಿ ಉತ್ತರ. ಕರ್ನಾಟಕ ಅಂತ ಕೇಳಿದ್ರೆ ಮಾತ್ರ ಏಪ್ರಿಲ್-ಮೇ.

ಬೆಣ್ಣೆದೋಸೆ (ದಾವಣಗೆರೆ)
ಎಲ್ಲರಿಗೂ ಥ್ಯಾಂಕ್ಸ್. ಉತ್ತರಕ್ಕೆ ಎದುರುಮನೆಯವರ ಮೂರನೇ ಅಂತಸ್ತು ಎದ್ದಿದೆ, ಕತ್ತಲೆ_ಪ್ರೇಮಿ ಹೇಳಿದ ಹಾಗೇ ಆಯ್ತು. ಅವರ ತಾರಸಿಗೇ ಹೋಗೋಣ ಅಂತ ಮಗಳು ಹೊರಟಿದಾಳೆ. ಅವರ ಹತ್ರ ಪಾರ್ಕಿಂಗ್ ವಿಷಯಕ್ಕೆ ಜಗಳ ಆಗಿ ಮಾತು ಬಿಟ್ಟಿದೀವಿ, ಅದೊಂದು ತಲೆನೋವು.

ಕಡ್ಲೆಪುರಿ
ಒಂದು ಕೆಜಿ ಬೆಣ್ಣೆ ತಗೊಂಡು ಹೋಗಿ ಸರ್.

ಕತ್ತಲೆ_ಪ್ರೇಮಿ
ಹೋಗುವಾಗ ಅವರ ತಾರಸಿಯ ಎಲ್‌ಇಡಿ ಆಫ್ ಮಾಡಿಸೋದು ಮರೀಬೇಡಿ.